ಜೋಡಿ ಸೋಮ

ಬೇಸಿಗೆ ರಜೆ ಶುರುವಾದ ಮೊದಲ ದಿನವೇ ಮೊಮ್ಮಗಳು ರಟ್ಟಿನ ಡಬ್ಬ, ಕತ್ತರಿ, ಅಂಟಿನ ಬಾಟಲಿ ಹಿಡಿದುಕೊಂಡು ನನ್ನ ಕೋಣೆಗೆ ಬಂದಳು. ಆರನೇ ತರಗತಿ ಮುಗಿಸಿ ಏಳಕ್ಕೆ ಕಾಲಿಡುವ ಹುಡುಗಿ. ಮನೆಯಲ್ಲಿ ಎಲ್ಲರಿಗೂ ಅವಳು ಪುಟ್ಟಿ. ಶಾಲೆಯಲ್ಲಿ ರಜೆಯ ಕೆಲಸವೆಂದು ‘ಜಗತ್ತಿನ ಮುಖವಾಡಗಳು’ ಎಂಬ ಪ್ರಾಜೆಕ್ಟ್ ಕೊಟ್ಟಿದ್ದರು. ಚೀಟಿ ಎತ್ತಿದಾಗ ಅವಳ ಪಾಲಿಗೆ ಬಂದದ್ದು ಪಶ್ಚಿಮ ಆಫ್ರಿಕಾ.

ಎರಡು ದಿನ ನಾನು ಅವಳ ಸಹಾಯಕ. ಅವಳು ಓದಿ ಹೇಳುವುದು, ನಾನು ರಟ್ಟು ಕತ್ತರಿಸುವುದು. ಹಾಗೆ ಕತ್ತರಿಸುತ್ತಲೇ ನನಗೂ ಬಹಳಷ್ಟು ತಿಳಿಯಿತು. ಮಾಲಿ ಎಂಬ ದೇಶದಲ್ಲಿ ಬಮಾನಾ ಎಂಬ ರೈತಾಪಿ ಜನರಿದ್ದಾರೆ. ಅವರಲ್ಲಿ ‘ಚಿವಾರ’ ಎಂಬ ಕುಣಿತವಿದೆ. ಅದಕ್ಕೆ ಮರದಲ್ಲಿ ಉದ್ದ ಕೊಂಬಿನ ಹುಲ್ಲೆಯನ್ನು ಕೆತ್ತುತ್ತಾರೆ. ಅದನ್ನು ಮುಖಕ್ಕೆ ಕಟ್ಟಿಕೊಳ್ಳುವುದಿಲ್ಲ. ಹೆಣೆದ ಬುಟ್ಟಿಯಂಥ ಟೊಪ್ಪಿಗೆಗೆ ಬಿಗಿದು ತಲೆಯ ಮೇಲೆ ಹೊರುತ್ತಾರೆ. ಮೈತುಂಬ ನಾರಿನ ಉಡುಪು. ಮನುಷ್ಯರಿಗೆ ಬೇಸಾಯ ಕಲಿಸಿದ್ದೇ ಚಿವಾರ ಎಂದು ಅವರ ಕಥೆ ಹೇಳುತ್ತದೆ. ಅದಕ್ಕೇ ಕುಣಿಯುವವರು ಕೋಲು ಊರಿಕೊಂಡು ನೆಲದತ್ತ ಬಾಗಿ ಹೆಜ್ಜೆ ಹಾಕುತ್ತಾರೆ. ಕುಣಿಯುವುದು ಜೋಡಿಯಾಗಿ. ಒಂದು ಗಂಡು ಹುಲ್ಲೆ, ಒಂದು ಹೆಣ್ಣು ಹುಲ್ಲೆ. ಹೆಣ್ಣಿನ ಬೆನ್ನ ಮೇಲೆ ಪುಟ್ಟ ಮರಿ.

ಪಕ್ಕದ ಬುರ್ಕಿನಾ ಫಾಸೊ ದೇಶದ ಬ್ವಾ ಜನರು ಗಿಡುಗ, ಕಾಡೆಮ್ಮೆ, ಮೊಸಳೆ, ಚಿಟ್ಟೆ ಎಲ್ಲವನ್ನೂ ಮರದಲ್ಲಿ ಕೆತ್ತುತ್ತಾರೆ. ಕೆಂಪು, ಬಿಳಿ, ಕಪ್ಪು ಬಣ್ಣಗಳ ಚೌಕ, ತ್ರಿಕೋನಗಳಿಂದ ತುಂಬುತ್ತಾರೆ. ಚಿಟ್ಟೆಯ ರೆಕ್ಕೆಯಂತೂ ಹೊತ್ತವನ ಎರಡು ತೋಳು ಚಾಚಿದರೂ ಸಿಗದಷ್ಟು ಅಗಲ.

ರಟ್ಟಿನ ಹುಲ್ಲೆಗಳು ಎರಡೂ ತಯಾರಾಗಿ ಕಿಟಕಿಯ ಮೇಲೆ ನಿಂತವು. ಪುಟ್ಟಿ ಕೈಗೆ ಅಂಟಿದ್ದ ಬಣ್ಣ ಒರೆಸುತ್ತಾ ಕೇಳಿದಳು: “ಅಜ್ಜ, ನಮ್ಮಲ್ಲಿ ಇಂಥದ್ದು ಇಲ್ವಾ?”

“ಯಾಕಿಲ್ಲ? ‘ಕಾಂತಾರ’ ಸಿನಿಮಾದಲ್ಲಿ ಪಂಜುರ್ಲಿ ನೋಡಿದ್ದೀಯಲ್ಲ. ಹಂದಿಯ ದೈವ. ತುಳುನಾಡಿನಲ್ಲಿ ಹುಲಿಯ ದೈವವೂ ಇದೆ, ಪಿಲಿಚಾಮುಂಡಿ ಅಂತ. ಅವಕ್ಕೆ ಲೋಹದಲ್ಲೋ ಮರದಲ್ಲೋ ಮಾಡಿದ ‘ಮೊಗ’ ಇರುತ್ತೆ.”

“ಅದು ಕರಾವಳಿ. ನಮ್ಮೂರಲ್ಲಿ?”

ನಮ್ಮೂರು ಎಂದರೆ ಕುಣಿಗಲ್ ತಾಲ್ಲೂಕಿನ ಒಂದು ಸಣ್ಣ ಹಳ್ಳಿ. “ನಮ್ಮೂರಲ್ಲಿ ಸೋಮ ಇದ್ದಾನೆ,” ಎಂದೆ. “ಕೆಂಪು ಸೋಮ, ಹಳದಿ ಸೋಮ. ಜೋಡಿ.”

“ನೀನು ಯಾವತ್ತೂ ಹೇಳಲೇ ಇಲ್ಲ!”

ನಿಜ, ಹೇಳಿರಲಿಲ್ಲ. ಹೇಳದೇ ಇರಲು ಕಾರಣವಿತ್ತು. ಸುಮಾರು 40 ವರ್ಷಗಳಿಂದ ನಾನು ನಮ್ಮೂರ ಜಾತ್ರೆಗೆ ಹೋಗಿರಲಿಲ್ಲ.

ಅಷ್ಟರಲ್ಲಿ ಅಡುಗೆಮನೆಯಿಂದ ನನ್ನ ಹೆಂಡತಿ ಹೇಳಿದಳು: “ಮುಂದಿನ ಮಂಗಳವಾರವೇ ಜಾತ್ರೆ ಅಂತ ಗುಬ್ಬಿಯಿಂದ ನಿಮ್ಮ ಅಕ್ಕ ಫೋನ್ ಮಾಡಿದ್ದರು. ಕರೆದುಕೊಂಡು ಹೋಗಿ.” ಇನ್ನು ತಪ್ಪಿಸಿಕೊಳ್ಳಲು ದಾರಿಯೇ ಇರಲಿಲ್ಲ.

ತಮಟೆಯ ಊರು, ಗುಬ್ಬಚ್ಚಿಯ ಊರು

ಸೋಮವಾರ ಬೆಳಗ್ಗೆ ಯಶವಂತಪುರದಲ್ಲಿ ರೈಲು ಹತ್ತಿದೆವು. ತುಮಕೂರು ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್. ದಾರಿಯುದ್ದಕ್ಕೂ ಬಂಡೆಗುಡ್ಡ, ತೆಂಗಿನ ತೋಟ, ನಡುವೆ ಹೊಸ ಕಾರ್ಖಾನೆಗಳ ತಗಡಿನ ಮಾಡು. ದೂರದಲ್ಲಿ ದೇವರಾಯನದುರ್ಗದ ಬೆಟ್ಟ ಕಂಡಾಗ ನಾನು ಪುಟ್ಟಿಗೆ ತುಮಕೂರಿನ ಹೆಸರಿನ ಕಥೆ ಹೇಳಿದೆ. ತುಂಬೆ ಗಿಡ ಹೆಚ್ಚಾಗಿದ್ದ ಊರು, ಹಾಗಾಗಿ ತುಂಬೆಯೂರು ಎನ್ನುವವರಿದ್ದಾರೆ. ‘ತುಮುಕಿ’ ಎಂದರೆ ಒಂದು ಬಗೆಯ ಸಣ್ಣ ತಮಟೆ, ಅದರಿಂದ ಬಂದ ಹೆಸರು ಎನ್ನುವವರೂ ಇದ್ದಾರೆ.

“ನಿನಗೆ ಯಾವುದು ಇಷ್ಟ?” ಎಂದೆ.

“ತಮಟೆ,” ಎಂದಳು. “ಸೋಮನಿಗೆ ತಮಟೆ ಬೇಕಲ್ವಾ?”

ತುಮಕೂರಿನಲ್ಲಿ ಇಳಿದು ಒಂದು ಬಾಡಿಗೆ ಕಾರು ಗೊತ್ತುಮಾಡಿಕೊಂಡು ಮೊದಲು ಗುಬ್ಬಿಗೆ ಹೋದೆವು. ಪಶ್ಚಿಮಕ್ಕೆ 20 ಕಿಲೋಮೀಟರ್ ದಾರಿ. ನಮ್ಮ ಅಕ್ಕನಿಗೆ ಈಗ 79 ವರ್ಷ. ಅವಳ ಮನೆಯಲ್ಲಿ ರಾತ್ರಿ ತಂಗಿ ಬೆಳಗ್ಗೆ ಅವಳನ್ನೂ ಕರೆದುಕೊಂಡು ಜಾತ್ರೆಗೆ ಹೋಗುವುದೆಂದು ತೀರ್ಮಾನವಾಗಿತ್ತು.

ಗುಬ್ಬಿ ಎಂಬ ಹೆಸರಿಗೂ ಒಂದು ಐತಿಹ್ಯವಿದೆ. ಇಲ್ಲಿ ದೇವಸ್ಥಾನದಲ್ಲಿ ದಿನವೂ ಪುರಾಣ ನಡೆಯುತ್ತಿತ್ತಂತೆ. ಜೋಡಿ ಗುಬ್ಬಚ್ಚಿಗಳು ತಪ್ಪದೆ ಬಂದು ಕೇಳುತ್ತಿದ್ದವಂತೆ. ಪುರಾಣ ಮುಗಿದ ದಿನ ಎರಡೂ ಅಲ್ಲೇ ಪ್ರಾಣ ಬಿಟ್ಟವಂತೆ. ಅಕ್ಕ ಊಟಕ್ಕೆ ಬಡಿಸುತ್ತಾ ಈ ಕಥೆ ಹೇಳಿದಾಗ ಪುಟ್ಟಿ ತುತ್ತು ಕೈಯಲ್ಲೇ ಹಿಡಿದು ಕೂತಿದ್ದಳು. “ಇಲ್ಲೂ ಜೋಡಿ,” ಎಂದಳು.

ಗುಬ್ಬಿಗೆ ಬಂದು ಗುಬ್ಬಿ ವೀರಣ್ಣನವರ ಮಾತು ಬರದಿದ್ದರೆ ಹೇಗೆ? ಗುಬ್ಬಿ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಅದನ್ನು ನಾಡಿಗೆಲ್ಲ ಹೆಸರುವಾಸಿ ಮಾಡಿದವರು ವೀರಣ್ಣನವರು. 1934ರಲ್ಲಿ ‘ಕುರುಕ್ಷೇತ್ರ’ ನಾಟಕ ಆಡಿಸಿದಾಗ ರಂಗದ ಮೇಲೆ ನಿಜವಾದ ಆನೆ, ಕುದುರೆಗಳನ್ನೇ ತಂದಿದ್ದರು. ನಮ್ಮ ಅಪ್ಪ ಹುಡುಗನಾಗಿದ್ದಾಗ ಅದನ್ನು ನೋಡಿ ಬಂದು ವಾರಗಟ್ಟಲೆ ಬೇರೆ ಮಾತೇ ಆಡಿರಲಿಲ್ಲವಂತೆ.

ಪುಟ್ಟಿ ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು: “ಅಜ್ಜಿ, ಆನೆ ಬೇಕು ಅಂದ್ರೆ ನಿಜವಾದ ಆನೆ ತರಬಹುದು. ಸೋಮ ಬೇಕು ಅಂದ್ರೆ ನಿಜವಾದ ಸೋಮನ್ನ ಎಲ್ಲಿಂದ ತರೋದು?”

“ಅದಕ್ಕೇ ಕಣೇ ಮರ ಬೇಕಾಗಿರೋದು,” ಎಂದಳು ಅಕ್ಕ. “ಕಣ್ಣಿಗೆ ಕಾಣೋದನ್ನ ಕರ್ಕೊಂಡು ಬರಬಹುದು. ಕಾಣದೇ ಇರೋದನ್ನ ಕೆತ್ತಬೇಕು.”

ದೊಡ್ಡ ದೊಡ್ಡ ಪುಸ್ತಕ ಓದಿದವರೂ ಇಷ್ಟು ಚೊಕ್ಕವಾಗಿ ಹೇಳಲಾರರು. ನಮ್ಮ ದೇವಸ್ಥಾನಗಳ ಉತ್ಸವದ ಕುದುರೆ, ನಂದಿ, ಸಿಂಹ ವಾಹನಗಳನ್ನು ನೆನೆಸಿಕೊಳ್ಳಿ. ಅವೂ ಮರದವೇ. ವರ್ಷವೆಲ್ಲ ಕತ್ತಲ ಕೋಣೆಯಲ್ಲಿ ನಿಂತಿರುತ್ತವೆ. ಒಂದು ದಿನ ಹೆಗಲುಗಳ ಮೇಲೆ ಏರಿದವೆಂದರೆ ಬೀದಿಯ ಮಕ್ಕಳಿಗೆಲ್ಲ ಅವು ಓಡುವಂತೆಯೇ ಕಾಣುತ್ತವೆ.

ಕಲ್ಲಿನೊಳಗಿನ ಕಪ್ಪೆ

ಮರುದಿನ ಗುಬ್ಬಿಯಿಂದ ತುಮಕೂರಿಗೆ ಮರಳಿ ಬಂದು ದಕ್ಷಿಣಕ್ಕೆ ಕುಣಿಗಲ್ ರಸ್ತೆ ಹಿಡಿದೆವು. ಸ್ವಲ್ಪ ದೂರದಲ್ಲೇ ಗೂಳೂರು. ಅಲ್ಲಿನ ದೊಡ್ಡ ಮಣ್ಣಿನ ಗಣಪ ಯಾರಿಗೆ ಗೊತ್ತಿಲ್ಲ! ಅದರ ಪಕ್ಕದಲ್ಲೇ ಕೈದಾಳ. 12ನೇ ಶತಮಾನದ ಚೆನ್ನಕೇಶವ ದೇವಾಲಯವಿರುವ ಊರು. ಜಕಣಾಚಾರಿಯ ಊರು ಎಂದು ಪ್ರಸಿದ್ಧಿ.

ಜಕಣಾಚಾರಿಯ ಐತಿಹ್ಯ ಅಜ್ಜ ಅಜ್ಜಿಯರಿಗೆಲ್ಲ ಗೊತ್ತು. ಮಕ್ಕಳಿಗಾಗಿ ಹೇಳುತ್ತೇನೆ. ಜಕಣ ಮನೆ ಬಿಟ್ಟು ಹೋಗಿ ದೊಡ್ಡ ಶಿಲ್ಪಿಯಾದ. ಬೇಲೂರಿನಲ್ಲಿ ಅವನು ಕೆತ್ತಿದ ಮೂರ್ತಿಯಲ್ಲಿ ದೋಷವಿದೆ ಎಂದು ಒಬ್ಬ ಹುಡುಗ ಹೇಳಿದ. ದೋಷ ತೋರಿಸಿದರೆ ನನ್ನ ಬಲಗೈ ಕತ್ತರಿಸಿಕೊಳ್ಳುತ್ತೇನೆ ಎಂದ ಜಕಣ. ಮೂರ್ತಿಗೆಲ್ಲ ಗಂಧ ಬಳಿದರು. ಎಲ್ಲ ಕಡೆ ಒಣಗಿತು, ಹೊಕ್ಕುಳ ಬಳಿ ಮಾತ್ರ ಹಸಿಯಾಗಿಯೇ ಉಳಿಯಿತು. ಅಲ್ಲಿ ಉಳಿ ಇಟ್ಟಾಗ ಒಳಗಿನಿಂದ ನೀರಿನ ಜೊತೆ ಒಂದು ಕಪ್ಪೆ ಹೊರಬಂತು. ಜಕಣ ಮಾತಿಗೆ ತಪ್ಪಲಿಲ್ಲ. ಆ ಹುಡುಗ ಅವನ ಮಗನೇ ಡಂಕಣ ಎಂಬುದು ಆಮೇಲೆ ತಿಳಿಯಿತು. ಕೈದಾಳದಲ್ಲಿ ದೇವಾಲಯ ಕಟ್ಟಿದಾಗ ಕೈ ಮರಳಿ ಬಂತಂತೆ.

ದೇವಾಲಯದ ಕಲ್ಲಿನ ನೆಲ ಆ ಬಿಸಿಲಲ್ಲೂ ತಣ್ಣಗಿತ್ತು. ಅಕ್ಕ ಕಂಬಕ್ಕೆ ಒರಗಿ ಕೂತಳು. ಪುಟ್ಟಿಗೆ ಕಪ್ಪೆಯದೇ ಚಿಂತೆ. ನನಗೆ ಬೇರೆ ಚಿಂತೆ. ತಾನು ಮಾಡಿದ ತಪ್ಪನ್ನು ಎಲ್ಲರ ಎದುರು ಒಪ್ಪಿಕೊಂಡ ಮನುಷ್ಯನ ಊರಿನಲ್ಲಿ ಕೂತು ನನ್ನದನ್ನು ನುಂಗಿಕೊಳ್ಳುವುದು ಕಷ್ಟವಾಯಿತು.

“ಪುಟ್ಟಿ, ನಾನು ಜಾತ್ರೆಗೆ ಯಾಕೆ ಹೋಗ್ತಿರಲಿಲ್ಲ ಅಂತ ಹೇಳ್ತೀನಿ, ಕೂತ್ಕೋ,” ಎಂದೆ. ಅಕ್ಕ ಕಣ್ಣು ತೆರೆದು ನನ್ನನ್ನು ನೋಡಿದಳು.

ಎಂಬತ್ತರ ದಶಕದ ಮಧ್ಯದ ಮಾತು. ಬರದ ವರ್ಷಗಳು. ನಾನು ಬೆಂಗಳೂರಿನಲ್ಲಿ ಗುಮಾಸ್ತನಾಗಿದ್ದೆ. ಪರಿಚಯದವರೊಬ್ಬರಿಗೆ ಹಳೆಯ ಸಾಮಾನು ಕೂಡಿಸುವ ಹವ್ಯಾಸವಿತ್ತು. ನಮ್ಮೂರ ಸೋಮನ ವಿಷಯ ಹೇಳಿದಾಗ ಅವರು ನೋಡಲೇಬೇಕೆಂದರು. ಕರೆದುಕೊಂಡು ಹೋದೆ. ಹಳದಿ ಸೋಮನನ್ನು ನೋಡಿದ ಅವರು ಕಣ್ಣು ಕೀಳಲಿಲ್ಲ. 800 ರೂಪಾಯಿ ಕೊಡುತ್ತೇನೆ ಎಂದರು. ಆಗ ಅದು ದೊಡ್ಡ ಮೊತ್ತ. ಗುಡಿಯ ಮಾಡು ಸೋರುತ್ತಿತ್ತು. ಊರ ಹಿರಿಯರು ಮುಖ ಮುಖ ನೋಡಿಕೊಂಡರು. ಆಗ ನಾನೇ ಬಾಯಿ ಹಾಕಿದೆ. “ಹೇಗೂ ಹುಳ ಹಿಡಿದಿದೆ. ಎಡಗಿವಿ ಚಕ್ಕೆ ಎದ್ದಿದೆ. ಇದನ್ನು ಕೊಟ್ಟು ಆ ದುಡ್ಡಿನಲ್ಲೇ ಹೊಸದು ಮಾಡಿಸಿ, ಮಾಡೂ ಆಗುತ್ತೆ,” ಎಂದೆ. ಓದಿದ ಹುಡುಗ ಹೇಳಿದ ಎಂದು ಎಲ್ಲರೂ ಒಪ್ಪಿದರು.

ಹಳದಿ ಸೋಮನನ್ನು ಹೊತ್ತು ಕುಣಿಯುತ್ತಿದ್ದವರು ನನ್ನ ಬಾಲ್ಯದ ಗೆಳೆಯನ ತಂದೆ. ಸೋಮನ ಕುಣಿತವನ್ನು ಹೆಚ್ಚಾಗಿ ನಡೆಸಿಕೊಂಡು ಬಂದವರು ಗಂಗೆಮತಸ್ಥರು. ಅವರದೂ ಅದೇ ಮನೆತನ. ಅವರು ಏನೂ ಮಾತಾಡಲಿಲ್ಲ. ನಾವು ಹೊರಟಾಗ ಬಸ್ ನಿಲ್ದಾಣದವರೆಗೂ ಬಂದರು. ಬಟ್ಟೆಯಲ್ಲಿ ಸುತ್ತಿದ ಗಂಟನ್ನು ಒಮ್ಮೆ ಮುಟ್ಟಿ ಕೇಳಿದರು:

“ಅಲ್ಲಿ ಅವನನ್ನ ಎಲ್ಲಿ ಇಡ್ತಾರಪ್ಪ?”

“ಗೋಡೆ ಮೇಲೆ, ಚೆನ್ನಾಗಿ ಇಡ್ತಾರೆ.”

“ಸಂಜೆ ದೀಪ ಹಚ್ತಾರಾ?”

“ಹಚ್ತಾರೆ,” ಎಂದೆ. ಸುಳ್ಳು ಹೇಳಿದೆ.

ಮುಂದೊಮ್ಮೆ ಆ ಪರಿಚಯದವರ ಮನೆಗೆ ಹೋದಾಗ ನೋಡಿದೆ. ಮಹಡಿ ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಸೋಮ ನೇತಾಡುತ್ತಿದ್ದ. ಕೆಳಗೆ ಚಪ್ಪಲಿ ಗೂಡು. ಕೆಲವು ವರ್ಷಗಳಲ್ಲಿ ಅವರು ಮನೆ ಮಾರಿ ಬೇರೆಡೆ ಹೋದರು. ಸೋಮ ಎಲ್ಲಿ ಹೋದನೋ ತಿಳಿಯಲಿಲ್ಲ.

ಆಮೇಲೆ ನಾನು ಹುಡುಕಿದ್ದುಂಟು. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ‘ಜಾನಪದ ಲೋಕ’ 1994ರಲ್ಲಿ ಆರಂಭವಾದ ಮೇಲೆ ಎಷ್ಟೋ ಸಲ ಹೋಗಿದ್ದೇನೆ. ಮೈಸೂರಿನ ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸದಲ್ಲಿರುವ ಜಾನಪದ ವಸ್ತುಸಂಗ್ರಹಾಲಯಕ್ಕೂ ಹೋಗಿದ್ದೇನೆ. ಎಲ್ಲಿ ಸೋಮನ ಮುಖ ಕಂಡರೂ ಮೊದಲು ಎಡಗಿವಿ ನೋಡುವುದು ನನ್ನ ಅಭ್ಯಾಸವಾಯಿತು. ಅಂಥ ಕಡೆಗೆ ಹೋಗಿದ್ದರೆ ಎಷ್ಟೋ ಒಳ್ಳೆಯದಿತ್ತು. ಅಲ್ಲಿ ನೋಡಿಕೊಳ್ಳುವವರು ಇರುತ್ತಾರೆ, ನಾಲ್ಕು ಜನ ನೋಡುತ್ತಾರೆ, ಕೇಳುತ್ತಾರೆ. ನಾನು ಕಳಿಸಿದವನಿಗೆ ಈಗ ಊರಿನ ಹೆಸರೂ ಇಲ್ಲ.

ಪುಟ್ಟಿ ನನ್ನನ್ನು ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಜ್ಜ, ನಾನು ಪ್ರಾಜೆಕ್ಟ್‌ಗೆ ಓದಿದ್ದೆ,” ಎಂದು ಶುರುಮಾಡಿದಳು. “ಆಫ್ರಿಕಾದಲ್ಲಿ ಬೆನಿನ್ ಅಂತ ದೇಶ ಇದೆ. ಅಲ್ಲಿನ ಅರಮನೆಯಿಂದ ಫ್ರಾನ್ಸಿನ ಸೈನ್ಯ 1892ರಲ್ಲಿ ಎಷ್ಟೋ ವಸ್ತು ತಗೊಂಡು ಹೋಗಿತ್ತು. ಮರದಲ್ಲಿ ಮಾಡಿದ ಮೂರು ರಾಜರ ಮೂರ್ತಿಗಳೂ ಇದ್ದವು. ಒಬ್ಬ ರಾಜ ಹಕ್ಕಿ ಥರ, ಒಬ್ಬ ಸಿಂಹದ ಥರ, ಒಬ್ಬ ಶಾರ್ಕ್ ಮೀನಿನ ಥರ. 2021ರಲ್ಲಿ 26 ವಸ್ತುಗಳನ್ನ ವಾಪಸ್ ಕೊಟ್ಟರು. ಅಲ್ಲಿ ಪ್ರದರ್ಶನಕ್ಕೆ ಇಟ್ಟಾಗ ನೋಡೋಕೆ ಜನವೋ ಜನ.” ಬೆರಳು ಮಡಚಿ ಲೆಕ್ಕ ಹಾಕಿದಳು. “129 ವರ್ಷ ಆಗಿತ್ತು. ನಿಂದು 40 ವರ್ಷ ತಾನೆ.”

ಅಕ್ಕನಿಗೆ ನಗು ತಡೆಯಲಾಗಲಿಲ್ಲ. ನನಗೂ.

ಕುಣಿಯುವ ಕಲ್ಲು

ಹೆಬ್ಬೂರು ದಾಟಿ ಕುಣಿಗಲ್ ತಲುಪಿದಾಗ ಮಧ್ಯಾಹ್ನ. ತುಮಕೂರಿನಿಂದ ಇಲ್ಲಿಗೆ 35 ಕಿಲೋಮೀಟರ್‌ಗಿಂತ ಸ್ವಲ್ಪ ಹೆಚ್ಚು. ಕುಣಿಗಲ್ ಎಂದರೆ ‘ಕುಣಿಯುವ ಕಲ್ಲು’. ಇಲ್ಲಿ ಶಿವ ಕುಣಿದನೆಂದು ಸ್ಥಳದ ಕಥೆ. ಊರಿನ ದೊಡ್ಡ ಕೆರೆ ನಾಡಿಗೆಲ್ಲ ಪರಿಚಿತ. ಇಲ್ಲಿನ ಕುದುರೆ ಫಾರಂ ಟಿಪ್ಪುವಿನ ಕಾಲದಷ್ಟು ಹಳೆಯದು ಎನ್ನುತ್ತಾರೆ. ಪುಟ್ಟಿ ತನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು: ‘ತುಮಕೂರು – ತಮಟೆ. ಗುಬ್ಬಿ – ಪುರಾಣ ಕೇಳುವ ಹಕ್ಕಿ. ಕುಣಿಗಲ್ – ಕುಣಿತ. ಮೂರೂ ಸೇರಿದರೆ ಜಾತ್ರೆ.’

ನಮ್ಮ ಹಳ್ಳಿಗೆ ಅಲ್ಲಿಂದ ಒಳದಾರಿ. ಗುಡಿಯ ಮುಂದೆ ಹಸಿರು ಚಪ್ಪರ, ಮಾವಿನ ತೋರಣ. ಮಾಡು ಈಗ ಸೋರುವುದಿಲ್ಲ, ಸಿಮೆಂಟಿನದಾಗಿದೆ. ಚಪ್ಪರದ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ನನ್ನ ಗೆಳೆಯ ಕೂತಿದ್ದ. ಎರಡು ಮಂಡಿಗಳೂ ಊದಿದ್ದವು. ನನ್ನನ್ನು ನೋಡಿ ಏಳಲು ಹೋಗಿ ಮತ್ತೆ ಕೂತ.

“ಬಂದ್ಯೇನೋ,” ಎಂದ. “ಬಾ, ಅವನಿಗೆ ಬಣ್ಣ ಒಣಗ್ತಾ ಇದೆ.”

ಗುಡಿಯ ಜಗುಲಿಯಲ್ಲಿ ಹೊಸ ಬಟ್ಟೆ ಹಾಸಿ ಇಬ್ಬರು ಸೋಮರನ್ನೂ ಮಲಗಿಸಿದ್ದರು. ಮೊದಲ ಬಾರಿ ನೋಡುವ ಪುಟ್ಟಿ ಎರಡು ಹೆಜ್ಜೆ ಹಿಂದೆ ಸರಿದಳು. ನಾನೂ ಅವಳ ವಯಸ್ಸಿನಲ್ಲಿ ಸೋಮ ಕುಣಿಯುತ್ತಾ ಹತ್ತಿರ ಬಂದಾಗ ಅಮ್ಮನ ಸೆರಗಿನೊಳಗೆ ಮುಖ ಹುದುಗಿಸಿದವನೇ. ಅಗಲ ಮುಖ, ಉಬ್ಬಿದ ದುಂಡು ಕಣ್ಣು, ದಪ್ಪ ಮೀಸೆ, ತುಟಿಯಿಂದ ಇಣುಕುವ ಕೋರೆಹಲ್ಲು. ಮನುಷ್ಯನ ಮುಖ ಎನ್ನಲಾಗದು, ಪ್ರಾಣಿಯ ಮುಖ ಎನ್ನಲೂ ಆಗದು. ಹುಲಿಯ ಹಲ್ಲು, ಗೂಳಿಯ ಕಣ್ಣು, ಯಜಮಾನನ ಮೀಸೆ ಎಲ್ಲ ಸೇರಿದ ಹಾಗೆ.

ಸೋಮರು ಗ್ರಾಮದೇವತೆಯ ಕಾವಲುಗಾರರು. ದೇವಿ ಹೊರಟರೆ ಮುಂದೆ ಇವರು. ಹಳೆ ಮೈಸೂರು ಸೀಮೆಯ ತುಮಕೂರು, ಹಾಸನ, ಮಂಡ್ಯ ಕಡೆ ಇವರಿಲ್ಲದ ಜಾತ್ರೆಯನ್ನು ನಮ್ಮ ತಲೆಮಾರಿನವರು ಊಹಿಸಿಕೊಳ್ಳಲಾರರು. ಕೆಂಪು ಬಣ್ಣದವನು ಸೌಮ್ಯ, ಹಳದಿ ಅಥವಾ ಕಪ್ಪಿನವನು ಉಗ್ರ ಎಂಬುದು ಸಾಮಾನ್ಯ ನಂಬಿಕೆ. ಊರಿಂದ ಊರಿಗೆ ಹೆಸರೂ ಬಣ್ಣವೂ ಬದಲಾಗುತ್ತವೆ.

ಗೆಳೆಯ ಪುಟ್ಟಿಯನ್ನು ಹತ್ತಿರ ಕರೆದು ಕೆಂಪು ಸೋಮನನ್ನು ಮಗುಚಿ ತೋರಿಸಿದ. “ನೋಡು, ಒಳಗೆ ಹೇಗಿದೆ. ಬಾಚಿಯಲ್ಲಿ ತೋಡಿದ ಗುರುತು ಕಾಣುತ್ತಾ? ಹಸಿ ಮರ ಆಗಲ್ಲ, ಸೀಳು ಬಿಡುತ್ತೆ. ಚೆನ್ನಾಗಿ ಒಣಗಬೇಕು. ಹಿಂದೆ ತೋಡಿ ತೋಡಿ ಹಗುರ ಮಾಡಬೇಕು. ಇಲ್ಲದಿದ್ದರೆ ಹೊತ್ತವನ ಕತ್ತು ಹೋಗುತ್ತೆ. ರಕ್ತಚಂದನ ಶ್ರೇಷ್ಠ ಅಂತಾರೆ. ನಮ್ಮ ಕೆಂಪಣ್ಣ ಅದರವನೇ ಅಂತ ನಮ್ಮಪ್ಪ ಹೇಳ್ತಿದ್ದ.”

ಪುಟ್ಟಿ ಮೂಸಿ ನೋಡಿದಳು. ಒಳಗೆ ಬೆವರು, ಎಣ್ಣೆ, ಅರಿಶಿನದ ವಾಸನೆ. ಎಷ್ಟು ಜನರ ಉಸಿರು ಆ ಮರಕ್ಕೆ ತಾಗಿದೆಯೋ!

“ವರ್ಷವೂ ಬಣ್ಣ ಹಚ್ತೀರಾ ತಾತ?” ಎಂದು ಕೇಳಿದಳು.

“ಹಚ್ಚಲೇಬೇಕು. ಹಬ್ಬಕ್ಕೆ ಹಳೆ ಬಟ್ಟೆ ಹಾಕ್ಕೊತಾರಾ?”

“ಬುರ್ಕಿನಾ ಫಾಸೊದಲ್ಲೂ ಮತ್ತೆ ಮತ್ತೆ ಬಣ್ಣ ಹಚ್ತಾರೆ.”

“ಅದ್ಯಾವ ತಾಲ್ಲೂಕೋ,” ಎಂದ ಗೆಳೆಯ. “ಅಲ್ಲಿಯೂ ತಿಳಿದವರು ಇದ್ದಾರೆ ಅನ್ನು.”

ಯಾವ ತಿಂಗಳು ಕುಣಿಯುತ್ತೀರಿ ಎಂದು ಪುಟ್ಟಿ ಕೇಳಿದಾಗ ಅವನು ಹೇಳಿದ: “ಯುಗಾದಿ ಕಳೆದ ಮೇಲೆ ಶುರು. ಮೃಗಶಿರ ಮಳೆ ಬಿತ್ತು ಅಂದರೆ ನಿಂತಿತು. ಆಮೇಲೆ ಎಲ್ಲರಿಗೂ ಹೊಲದ ಕೆಲಸ.”

ಪುಟ್ಟಿ ಬರೆಯುತ್ತಿದ್ದವಳು ತಲೆಯೆತ್ತಿದಳು. “ಮೃಗಶಿರ ಅಂದ್ರೆ ಮೃಗದ ತಲೆ, ಜಿಂಕೆಯ ತಲೆ ಅಲ್ವಾ ಅಜ್ಜ?”

ಹೌದು. ಜೂನ್ ಮೊದಲ ವಾರ ಕಳೆಯುತ್ತಿದ್ದಂತೆ ಹುಟ್ಟುವ ಮಳೆಗೆ ಜಿಂಕೆಯ ತಲೆಯ ಹೆಸರು. ಅಲ್ಲಿ ಮಾಲಿಯ ರೈತ ಹುಲ್ಲೆಯ ತಲೆ ಹೊತ್ತು ಬೇಸಾಯವನ್ನು ಹೊಗಳಿ ಕುಣಿಯುತ್ತಾನೆ. ಇಲ್ಲಿ ಜಿಂಕೆಯ ತಲೆಯ ನಕ್ಷತ್ರ ಬಂದಾಗ ಕುಣಿತ ನಿಲ್ಲಿಸಿ ನೇಗಿಲು ಹಿಡಿಯುತ್ತಾರೆ. ಒಬ್ಬರಿಂದ ಒಬ್ಬರು ಕಲಿತದ್ದಲ್ಲ. ಮಳೆ ನಂಬಿದವರೆಲ್ಲ ಆಕಾಶವನ್ನೂ ಪ್ರಾಣಿಗಳನ್ನೂ ನೋಡುತ್ತಲೇ ಬದುಕಿದವರು, ಅಷ್ಟೆ.

ಕೇಳಬೇಕಾದ ಮಾತು

ಮಕ್ಕಳು ಆಚೆ ಹೋದ ಮೇಲೆ ನಾನು ಗೆಳೆಯನ ಪಕ್ಕ ಕೂತೆ. “ಹಳದಿಯವನನ್ನ ನಾನು ಮಾರಿಸಬಾರದಿತ್ತು,” ಎಂದೆ. ಇಷ್ಟು ಹೇಳಲು 40 ವರ್ಷ ಬೇಕಾಯಿತು.

ಅವನು ತಕ್ಷಣ ಏನೂ ಹೇಳಲಿಲ್ಲ. ಮಂಡಿ ಉಜ್ಜಿಕೊಂಡ.

“ಅಪ್ಪ ಹೊಸ ಸೋಮನ್ನ ಕಟ್ಟಿಕೊಂಡು ಒಂದೇ ವರ್ಷ ಕುಣಿದ,” ಎಂದ. “ಮೂಗು ಒತ್ತುತ್ತೆ, ಉಸಿರು ಸರಿ ಹೋಗಲ್ಲ ಅಂದ. ಮುಂದಿನ ವರ್ಷ ನನಗೆ ಕಟ್ಟಿದ. ನಾನು ಮೂವತ್ತು ಚಿಲ್ಲರೆ ವರ್ಷ ಇವನನ್ನೇ ಹೊತ್ತೆ. ನನಗೆ ಇವನೇ ಹಳಬ. ಆದರೆ ಅಪ್ಪನಿಗೆ ಆಗಲಿಲ್ಲ. ಅದು ನಿಜ.”

‘ಪರವಾಗಿಲ್ಲ ಬಿಡು’ ಎಂದು ಅವನು ಹೇಳಲಿಲ್ಲ. ಹೇಳಿದ್ದರೆ ನನಗೆ ಹಗುರವಾಗುತ್ತಿತ್ತು. ಆದರೆ ಅದು ಸುಳ್ಳಾಗುತ್ತಿತ್ತು. ಮತ್ತೆ ಅವನೇ ಮುಂದುವರಿಸಿದ.

“ಹೋದ ವರ್ಷ ಯಾರೋ ಕಾರಲ್ಲಿ ಬಂದಿದ್ದರು. ಕೆಂಪಣ್ಣನ್ನ ಕೇಳಿದರು. ಕೊಡಲ್ಲ ಅಂದೆ. ನನ್ನ ಕಾಲದಲ್ಲಿ ಕೊಡಲ್ಲ. ಮುಂದೆ? ನೀನು ಓದಿದವನು. ಏನಾದರೂ ದಾರಿ ಹೇಳು.”

ಅಂದು ಓದಿದವನ ಮಾತು ಕೇಳಿ ಕೆಟ್ಟ ಊರು ಇಂದು ಮತ್ತೆ ಅದೇ ಓದಿದವನನ್ನು ಕೇಳುತ್ತಿತ್ತು. ಈ ಸಲ ಎಚ್ಚರಿಕೆಯಿಂದ ಯೋಚಿಸಿ ಹೇಳಿದೆ. ನಮ್ಮ ದೇಶದಲ್ಲಿ ಪ್ರಾಚೀನ ವಸ್ತುಗಳ ರಕ್ಷಣೆಗೆ 1972ರ ಕಾನೂನು ಇದೆ. 100 ವರ್ಷಕ್ಕಿಂತ ಹಳೆಯದಾದ ಇಂಥ ಕಲಾವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಪರವಾನಗಿ ಇಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ. ಆದರೆ ವಸ್ತು ಯಾವುದು, ಹೇಗಿತ್ತು, ಎಲ್ಲಿಯದು ಎಂದು ತೋರಿಸಲು ದಾಖಲೆ ಬೇಕು. ನಮ್ಮ ಹಳೆಯ ಹಳದಿ ಸೋಮನ ಒಂದೇ ಒಂದು ಫೋಟೊ ಯಾರ ಬಳಿಯೂ ಇಲ್ಲ.

“ಹಾಗಾದರೆ ಈಗ ಮಾಡೋಣ,” ಎಂದಳು ಪುಟ್ಟಿ. ಯಾವಾಗ ಬಂದು ನಮ್ಮ ಹಿಂದೆ ನಿಂತಿದ್ದಳೋ!

ಆ ಸಂಜೆ ಜಗುಲಿಯ ಮೇಲೆ ದೊಡ್ಡ ಕೆಲಸ ನಡೆಯಿತು. ಊರಿನ ನಾಲ್ಕೈದು ಮಕ್ಕಳು ಸೇರಿದರು. ಒಬ್ಬ ಅಳತೆಪಟ್ಟಿ ಹಿಡಿದ, ಒಬ್ಬಳು ಬರೆದಳು, ಮತ್ತೊಬ್ಬ ಮೊಬೈಲಿನಲ್ಲಿ ಮುಂದಿನಿಂದ, ಹಿಂದಿನಿಂದ, ಎರಡೂ ಪಕ್ಕದಿಂದ ಚಿತ್ರ ತೆಗೆದ. ಎತ್ತರ, ಅಗಲ, ಆಳ, ಕೋರೆಹಲ್ಲು ಎಷ್ಟು, ಎಲ್ಲಿ ಬಿರುಕಿದೆ, ಎಲ್ಲಿ ತೇಪೆ ಇದೆ, ಯಾರು ಯಾರು ಹೊತ್ತರು ಎಂಬ ಹೆಸರುಗಳು. ಗೆಳೆಯ ಏಳು ಜನರ ಹೆಸರು ಹೇಳಿದ. ಎಂಟನೆಯದು ಅವನ ಮಗನದು. ಎರಡು ಪ್ರತಿ ಮಾಡಿ ಒಂದನ್ನು ಗುಡಿಯ ಪೆಟ್ಟಿಗೆಯಲ್ಲಿ, ಒಂದನ್ನು ಪಂಚಾಯಿತಿಯಲ್ಲಿ ಇಡಲು ಹಿರಿಯರು ಒಪ್ಪಿದರು.

ಕಣ್ಣಿನ ರಂಧ್ರದಲ್ಲಿ

ರಾತ್ರಿ ಹತ್ತು ದಾಟಿದ ಮೇಲೆ ಸೋಮರು ಎದ್ದರು. ಬೆನ್ನಿಗೆ ಬಿದಿರಿನ ಚೌಕಟ್ಟು, ಅದಕ್ಕೆ ನೆರಿಗೆ ಹಿಡಿದ ಬಣ್ಣಬಣ್ಣದ ಸೀರೆಗಳು, ಮೇಲೆ ಹೊಂಬಾಳೆ, ಪುಟ್ಟ ಬಾವುಟಗಳು. ಕೈಯಲ್ಲಿ ಬೆತ್ತ, ನವಿಲುಗರಿ. ಹಿಂದೆ ದೋಣಿನ ಗುಡುಗು. ಸದ್ದೆ ಒಂದೇ ಶ್ರುತಿ ಹಿಡಿದು ನಿಂತರೆ ಮೌರಿ ಅದರ ಮೇಲೆ ಹಾಡುತ್ತದೆ. ಕೆಂಪು ಸೋಮನನ್ನು ಹೊತ್ತವನು ಗೆಳೆಯನ ತಮ್ಮನ ಮಗ. ತುಮಕೂರಿನಲ್ಲಿ ಕಾರ್ಖಾನೆ ಕೆಲಸ. ಹಳದಿಯವನನ್ನು ಹೊತ್ತವನು ಗೆಳೆಯನ ಮಗ, ಬೆಂಗಳೂರಿನಲ್ಲಿ ಡ್ರೈವರ್. ಇಬ್ಬರೂ ಮೂರು ದಿನ ರಜೆ ಹಾಕಿ ಬಂದವರು. ಈ ರಜೆ ಸಿಗದಿದ್ದ ವರ್ಷ ಏನು ಎಂಬ ಪ್ರಶ್ನೆ ಎಲ್ಲರ ಮನಸ್ಸಿನಲ್ಲೂ ಇದೆ. ಆ ರಾತ್ರಿ ಯಾರೂ ಕೇಳಲಿಲ್ಲ.

ಒಬ್ಬ ಮುಂದೆ ಬಂದರೆ ಇನ್ನೊಬ್ಬ ಹಿಂದೆ. ಒಬ್ಬ ಎಡಕ್ಕೆ ತೂಗಿದರೆ ಇನ್ನೊಬ್ಬ ಬಲಕ್ಕೆ. ಆಗ ನನಗೆ ಅರ್ಥವಾಯಿತು, ಇದು ಎರಡು ಮುಖವಾಡವಲ್ಲ, ಒಂದೇ ಕುಣಿತದ ಎರಡು ಭಾಗ. ಗೋಡೆಯ ಮೇಲೆ ಒಂದನ್ನು ತೂಗುಹಾಕಿದರೆ ಅಲ್ಲಿರುವುದು ಅರ್ಧ ಮಾತು.

ಹಳದಿ ಸೋಮ ಕುಣಿಯುತ್ತಾ ನಮ್ಮ ಮುಂದೆ ಬಂದು ನಿಂತ. ಪುಟ್ಟಿ ನನ್ನ ಕೈ ಬಿಗಿಯಾಗಿ ಹಿಡಿದಳು, ಆದರೆ ಓಡಲಿಲ್ಲ. ಸೋಮ ಬಾಗಿ ನವಿಲುಗರಿಯನ್ನು ಅವಳ ತಲೆಗೆ ಮುಟ್ಟಿಸಿದ. ಆ ಕ್ಷಣ ಅವಳು ಮುಖವಾಡದ ರಂಧ್ರದೊಳಗೆ ನೋಡಿದಳಂತೆ.

“ಒಳಗೆ ನಿಜವಾದ ಕಣ್ಣಿತ್ತು ಅಜ್ಜ,” ಎಂದಳು ಆಮೇಲೆ. “ಬೆವರು ಇಳೀತಿತ್ತು. ಕಲ್ಲಿನೊಳಗಿನ ಕಪ್ಪೆ ಥರ.”

ರಜೆ ಮುಗಿದು ಶಾಲೆ ತೆರೆಯಿತು. ಪುಟ್ಟಿಯ ಪ್ರಾಜೆಕ್ಟ್ ಹಾಳೆಯಲ್ಲಿ ಮೇಲೆ ಜೋಡಿ ಹುಲ್ಲೆ. ಕೆಳಗೆ ಮೂರು ಚೌಕ. ಮೊದಲನೆಯದರಲ್ಲಿ ಕೆಂಪು ಸೋಮ. ಎರಡನೆಯದರಲ್ಲಿ ಈಗಿನ ಹಳದಿ ಸೋಮ. ಮೂರನೆಯ ಚೌಕ ಖಾಲಿ. ಅದರ ಕೆಳಗೆ ಅವಳು ಬರೆದಿದ್ದಾಳೆ: ‘ಇವನು ಎಲ್ಲೋ ಇದ್ದಾನೆ. ಎಡಗಿವಿಯಲ್ಲಿ ಚಕ್ಕೆ ಎದ್ದಿದೆ.’

ಈ ಲೇಖನ ಓದುವ ಯಾರ ಮನೆಯ ಗೋಡೆಯ ಮೇಲಾದರೂ ಅಂಥ ಒಂದು ಹಳದಿ ಮುಖವಿದ್ದರೆ, ಒಮ್ಮೆ ಎಡಗಿವಿ ನೋಡಿ. ಅವನೇ ಆಗಿದ್ದರೆ ಪತ್ರಿಕೆಗೆ ಒಂದು ಸಾಲು ಬರೆಯಿರಿ. ಕೊಟ್ಟೇಬಿಡಿ ಎಂದು ಕೇಳುವ ಮುಖ ನನಗಿಲ್ಲ, ಕಳಿಸಿದವನು ನಾನೇ. ಆದರೆ ಅಲ್ಲಿಯವರೆಗೆ, ಸಂಜೆಯಾದಾಗ ಅವನ ಮುಂದೆ ಒಂದು ದೀಪ ಹಚ್ಚಿ. ಹಚ್ಚುತ್ತಾರೆ ಎಂದು ನಾನು ಒಬ್ಬರಿಗೆ ಮಾತು ಕೊಟ್ಟಿದ್ದೇನೆ.